ಆಪತ್ತಿನಲ್ಲೂ ಠಾಣೆಯ ಮೆಟ್ಟಿಲೇರಲು ಅಳುಕು: ವಿದೇಶೀಯರ ಅಪನಂಬಿಕೆಗೆ ಕಾರಣಗಳೇನು, ಕಾನೂನು ಹೇಳುವುದೇನು?

2016ರ ಜನವರಿ 31ರ ರಾತ್ರಿ. ಬೆಂಗಳೂರಿನ ಹೊರವಲಯದ ಹೆಸರಘಟ್ಟ ರಸ್ತೆಯಲ್ಲಿ ಸೂಡಾನ್ ದೇಶದ ವಿದ್ಯಾರ್ಥಿಯೊಬ್ಬ ಚಲಾಯಿಸುತ್ತಿದ್ದ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಉದ್ರಿಕ್ತ ಗುಂಪು ಸೇರಿತು. ಸ್ವಲ್ಪ ಹೊತ್ತಿನ ನಂತರ ಅದೇ ಮಾರ್ಗವಾಗಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಆಕೆಯ ಸ್ನೇಹಿತರಿಗೂ ಆ ಅಪಘಾತಕ್ಕೂ ಯಾವುದೇ ಸಂಬಂಧವಿರಲಿಲ್ಲ. ಆದರೂ ಗುಂಪು ಅವರ ಮೇಲೆ ಹಲ್ಲೆ ನಡೆಸಿತು, ಕಾರಿಗೆ ಬೆಂಕಿ ಹಚ್ಚಿತು. ಸ್ಥಳದಲ್ಲಿದ್ದ ಪೊಲೀಸರು ನೆರವಿಗೆ ಬರಲಿಲ್ಲ, ದೂರು ನೀಡಲು ಹೋದಾಗ ಅಪಘಾತ ಮಾಡಿದ ವ್ಯಕ್ತಿಯನ್ನು ಮೊದಲು ಕರೆತರುವಂತೆ ಹೇಳಿದರು ಎಂಬುದು ಆಕೆಯ ಆರೋಪವಾಗಿತ್ತು.

ಪ್ರಕರಣ ರಾಷ್ಟ್ರಮಟ್ಟದಲ್ಲಿ ಸದ್ದು ಮಾಡಿತು. ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರಾಜ್ಯ ಸರ್ಕಾರದಿಂದ ವರದಿ ಕೇಳಿದರು. ತಾಂಜಾನಿಯಾದ ಹೈಕಮಿಷನರ್ ದೆಹಲಿಯಿಂದ ಬೆಂಗಳೂರಿಗೆ ಧಾವಿಸಿದರು. ಹಲವರ ಬಂಧನವಾಯಿತು, ಸಂಬಂಧಪಟ್ಟ ಠಾಣೆಯ ಇನ್‌ಸ್ಪೆಕ್ಟರ್ ಸೇರಿದಂತೆ ಕೆಲವು ಪೊಲೀಸರು ಅಮಾನತುಗೊಂಡರು. ಆದರೆ ಹಲ್ಲೆಯಷ್ಟೇ ಗಾಢವಾಗಿ ನಗರದ ಆಫ್ರಿಕನ್ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಪ್ರಶ್ನೆ. ಆಪತ್ತು ಬಂದಾಗ ಪೊಲೀಸರನ್ನು ಕರೆಯಬಹುದೆ? ಕರೆದರೆ ಅವರು ಬರುವುದು ಕಾಪಾಡಲೋ, ವಿಚಾರಿಸಲೋ?

ವಿದ್ಯಾಭ್ಯಾಸ, ಉದ್ಯೋಗ, ಚಿಕಿತ್ಸೆ ಮತ್ತು ಪ್ರವಾಸಕ್ಕೆಂದು ರಾಜ್ಯಕ್ಕೆ ಬರುವ ವಿದೇಶೀಯರ ಪಾಲಿಗೆ ಈ ಪ್ರಶ್ನೆ ಇಂದಿಗೂ ಪ್ರಸ್ತುತ. ಅಪನಂಬಿಕೆಯ ಮೂಲವೇನು, ಕಾನೂನು ಅವರಿಗೆ ಕೊಟ್ಟಿರುವ ರಕ್ಷಣೆಯೇನು, ನೆರವು ಪಡೆಯುವ ದಾರಿಗಳಾವುವು ಎಂಬುದರ ಸಮಗ್ರ ಮಾಹಿತಿ ಇಲ್ಲಿದೆ.

ಅಪನಂಬಿಕೆಯ ಬೇರುಗಳು

ಮೊದಲನೆಯದು ಭಾಷೆ. ರಾಜ್ಯದ ಠಾಣೆಗಳ ದೈನಂದಿನ ವ್ಯವಹಾರ ನಡೆಯುವುದು ಕನ್ನಡದಲ್ಲಿ. ಅದು ಸಹಜ ಹಾಗೂ ಅಗತ್ಯ. ಆದರೆ ಇಂಗ್ಲಿಷ್ ಕೂಡ ಸರಿಯಾಗಿ ಬಾರದ ಕೊರಿಯಾದ ಪ್ರವಾಸಿಗೋ, ಫ್ರೆಂಚ್ ಮಾತನಾಡುವ ಕಾಂಗೋ ವಿದ್ಯಾರ್ಥಿಗೋ ತನ್ನ ಹೇಳಿಕೆಯಲ್ಲಿ ಏನು ಬರೆಯಲಾಗಿದೆ ಎಂಬುದೇ ತಿಳಿಯುವುದಿಲ್ಲ. ಓದಲಾಗದ ಕಾಗದಕ್ಕೆ ಸಹಿ ಹಾಕಲು ಯಾರಿಗಾದರೂ ಭಯವೇ.

ಎರಡನೆಯದು ವೀಸಾ. ಕಳವಾಯಿತೆಂದು ದೂರು ಕೊಡಲು ಹೋದವನಿಗೆ ಎದುರಾಗುವ ಮೊದಲ ಪ್ರಶ್ನೆ ಬಹುತೇಕ ಪಾಸ್‌ಪೋರ್ಟ್ ಮತ್ತು ವೀಸಾ ಕುರಿತದ್ದೇ ಆಗಿರುತ್ತದೆ. ದಾಖಲೆ ಸರಿಯಾಗಿದ್ದವರಿಗೆ ಇದು ಕಿರಿಕಿರಿ ಮಾತ್ರ. ಅವಧಿ ಮುಗಿದಿದ್ದರೆ ಅಥವಾ ನವೀಕರಣದ ಅರ್ಜಿ ಬಾಕಿಯಿದ್ದರೆ ದೂರುದಾರನೇ ಆರೋಪಿಯಾಗುವ ಅಪಾಯವಿದೆ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯ್ದೆಯು 1946ರ ವಿದೇಶೀಯರ ಕಾಯ್ದೆ ಸೇರಿದಂತೆ ನಾಲ್ಕು ಹಳೆಯ ಕಾನೂನುಗಳ ಸ್ಥಾನವನ್ನು ಪಡೆದುಕೊಂಡಿದೆ. ವೀಸಾ ಅವಧಿ ಮೀರಿ ನೆಲೆಸುವುದಕ್ಕೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 3 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಅದರಲ್ಲಿ ಅವಕಾಶವಿದೆ. ವಸತಿಗೃಹಗಳ ಜೊತೆಗೆ ವಿಶ್ವವಿದ್ಯಾಲಯಗಳು ಹಾಗೂ ಆಸ್ಪತ್ರೆಗಳೂ ತಮ್ಮಲ್ಲಿರುವ ವಿದೇಶೀಯರ ಮಾಹಿತಿಯನ್ನು ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಇಂಥ ನಿಯಮಗಳು ದೇಶದ ಭದ್ರತೆಗೆ ಅಗತ್ಯವೆಂಬುದು ಸರ್ಕಾರದ ನಿಲುವು. ಆದರೆ ದಾಖಲೆಯಲ್ಲಿ ಲೋಪವಿರುವ ವ್ಯಕ್ತಿ ಇರಿತಕ್ಕೊಳಗಾದರೂ ಆಸ್ಪತ್ರೆಗೆ ಹೋಗಲು ಹಿಂದೆಮುಂದೆ ನೋಡುವ ಸ್ಥಿತಿ ಇದರಿಂದ ಉಂಟಾಗಬಹುದು. ದುಷ್ಕರ್ಮಿಗಳಿಗೂ ಈ ದೌರ್ಬಲ್ಯದ ಅರಿವಿದೆ ಎಂಬುದೇ ಹೆಚ್ಚು ಆತಂಕದ ಸಂಗತಿ.

ಮೂರನೆಯದು ಪೂರ್ವಗ್ರಹ. ಮಾದಕವಸ್ತು ಜಾಲದಲ್ಲಿ ಕೆಲವು ವಿದೇಶೀಯರು ಸಿಕ್ಕಿಬಿದ್ದಿರುವುದು ನಿಜ. ಆದರೆ ಅದರ ನೆರಳು ಅದೇ ಮೈಬಣ್ಣದ ಎಲ್ಲರ ಮೇಲೂ ಬೀಳುತ್ತದೆ. ಬಿಳಿಯ ಪ್ರವಾಸಿಗೆ ಸಿಗುವ ಸ್ವಾಗತ ಕಪ್ಪು ವಿದ್ಯಾರ್ಥಿಗೆ ಸಿಗುವುದಿಲ್ಲವೆಂಬ ದೂರು ಬೆಂಗಳೂರಿನಲ್ಲಿ ಹೊಸದೇನಲ್ಲ.

ನಾಲ್ಕನೆಯ ಕಾರಣ ವಿದೇಶೀಯರು ಹೊತ್ತು ತರುವ ಸ್ವಂತ ಅನುಭವ. ಪೊಲೀಸರೆಂದರೆ ಲಂಚ ಅಥವಾ ಲಾಠಿ ಎಂದೇ ಪರಿಗಣಿಸುವ ದೇಶದಿಂದ ಬಂದವರು ಇಲ್ಲಿಯ ಖಾಕಿಯನ್ನೂ ಅದೇ ದೃಷ್ಟಿಯಿಂದ ನೋಡುತ್ತಾರೆ. ಹಾಗೆ ನೋಡಿದರೆ ಠಾಣೆಯೆಂದರೆ ಅಳುಕುವುದು ನಮ್ಮ ನಾಡಿನ ಸಾಮಾನ್ಯ ಜನರಿಗೂ ಹೊಸತಲ್ಲ. ವ್ಯತ್ಯಾಸವಿಷ್ಟೇ: ಸ್ಥಳೀಯರಿಗೆ ಜೊತೆಗೆ ಕರೆದೊಯ್ಯಲು ಪರಿಚಯದ ವಕೀಲರೋ, ಊರಿನ ಮುಖಂಡರೋ, ಬಂಧುಗಳೋ ಇರುತ್ತಾರೆ. ವಿದೇಶೀಯನಿಗೆ ಯಾರೂ ಇರುವುದಿಲ್ಲ.

ನಂಬಿಕೆಗೆ ಪೆಟ್ಟು ಕೊಟ್ಟ ಪ್ರಕರಣಗಳು

2008ರ ಫೆಬ್ರವರಿಯಲ್ಲಿ ಗೋವಾದ ಅಂಜುನಾ ಕಡಲತೀರದಲ್ಲಿ ಬ್ರಿಟಿಷ್ ಬಾಲಕಿಯೊಬ್ಬಳ ಶವ ಪತ್ತೆಯಾಯಿತು. ಸ್ಥಳೀಯ ಪೊಲೀಸರು ಮೊದಲು ಅದನ್ನು ನೀರಿನಲ್ಲಿ ಮುಳುಗಿ ಸಂಭವಿಸಿದ ಸಾವೆಂದು ಹೇಳಿದರು. ತಾಯಿ ಒಪ್ಪದೆ ಹೋರಾಡಿದ್ದರಿಂದ ಎರಡನೆಯ ಬಾರಿ ಮರಣೋತ್ತರ ಪರೀಕ್ಷೆ ನಡೆದು ಪ್ರಕರಣಕ್ಕೆ ಬೇರೆಯದೇ ತಿರುವು ಸಿಕ್ಕಿತು. ತನಿಖೆ ಸಿಬಿಐಗೆ ಹೋಯಿತು. 2016ರಲ್ಲಿ ಕೆಳಹಂತದ ನ್ಯಾಯಾಲಯ ಇಬ್ಬರು ಆರೋಪಿಗಳನ್ನೂ ಖುಲಾಸೆಗೊಳಿಸಿತು. 2019ರಲ್ಲಿ ಬಾಂಬೆ ಹೈಕೋರ್ಟ್ ಅವರಲ್ಲೊಬ್ಬನನ್ನು ದೋಷಿಯೆಂದು ಘೋಷಿಸಿ 10 ವರ್ಷಗಳ ಶಿಕ್ಷೆ ವಿಧಿಸಿತು. ಪರದೇಶದ ತಾಯಿಯೊಬ್ಬಳು ಶಿಕ್ಷೆಯನ್ನು ಕಾಣಲು 11 ವರ್ಷ ಕಾಯಬೇಕಾಯಿತು.

2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಜೆ.ಸಿ. ನಗರ ಠಾಣೆಯ ಪೊಲೀಸರು ಮಾದಕವಸ್ತು ಹೊಂದಿದ್ದ ಆರೋಪದ ಮೇಲೆ ವಶಕ್ಕೆ ಪಡೆದಿದ್ದ ಕಾಂಗೋ ಪ್ರಜೆಯೊಬ್ಬ ಆಸ್ಪತ್ರೆಯಲ್ಲಿ ಮೃತಪಟ್ಟ. ಠಾಣೆಯೆದುರು ಪ್ರತಿಭಟಿಸಿದ ಆಫ್ರಿಕನ್ ಪ್ರಜೆಗಳ ಮೇಲೆ ಲಾಠಿ ಪ್ರಹಾರ ನಡೆಯಿತು. ಸಾವಿನ ತನಿಖೆಯನ್ನು ಸಿಐಡಿಗೆ ವಹಿಸಲಾಯಿತು. ಆರೋಪಿಯ ಅಪರಾಧ ಏನೇ ಇರಲಿ, ಠಾಣೆಗೆ ಹೋದವನು ಹೆಣವಾಗಿ ಹಿಂತಿರುಗಿದ ಸುದ್ದಿ ನಗರದ ಆಫ್ರಿಕನ್ ಸಮುದಾಯಕ್ಕೆ ಯಾವ ಸಂದೇಶವನ್ನು ತಲುಪಿಸಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಮತ್ತೊಂದು ಮುಖವೂ ಇದೆ. 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಸಾಣಾಪುರ ಬಳಿ ತುಂಗಭದ್ರಾ ಎಡದಂಡೆ ಕಾಲುವೆಯ ದಡದಲ್ಲಿದ್ದ ಪ್ರವಾಸಿಗರ ಮೇಲೆ ದುಷ್ಕರ್ಮಿಗಳು ಎರಗಿದರು. ಇಸ್ರೇಲ್‌ನ ಪ್ರವಾಸಿ ಮಹಿಳೆ ಹಾಗೂ ಸ್ಥಳೀಯ ಹೋಂ ಸ್ಟೇ ಮಾಲೀಕರ ಮೇಲೆ ಅತ್ಯಾಚಾರ ನಡೆಯಿತು. ಜೊತೆಯಲ್ಲಿದ್ದ ಮೂವರು ಪುರುಷರನ್ನು ಕಾಲುವೆಗೆ ತಳ್ಳಲಾಯಿತು. ಅವರಲ್ಲಿ ಒಡಿಶಾದ ಯುವಕ ಜಲಸಮಾಧಿಯಾದ. ದೂರು ಬಂದ ಕೆಲವೇ ದಿನಗಳಲ್ಲಿ ಮೂವರು ಆರೋಪಿಗಳನ್ನು ಪೊಲೀಸರು ಬಂಧಿಸಿದರು. ತ್ವರಿತವಾಗಿ ಸ್ಪಂದಿಸಲು ಇಲಾಖೆಗೆ ಸಾಧ್ಯವಿದೆ ಎಂಬುದನ್ನು ಇದು ತೋರಿಸಿತು. ಆದರೆ ಕತ್ತಲಾದ ಮೇಲೆ ಗಸ್ತು ಇಲ್ಲದ, ದೀಪವಿಲ್ಲದ ಕಾಲುವೆಯ ದಂಡೆಯಲ್ಲಿ ಆ ಕ್ಷಣಕ್ಕೆ ಒದಗಬೇಕಾದ ನೆರವು ಎಷ್ಟು ದೂರವಿದೆ ಎಂಬುದನ್ನೂ ಅದು ಅಷ್ಟೇ ಸ್ಪಷ್ಟವಾಗಿ ತೋರಿಸಿತು.

ಸಂವಿಧಾನದ ಕಣ್ಣಿನಲ್ಲಿ ವಿದೇಶೀಯ

ಕಾನೂನಿನ ಮುಂದೆ ಸಮಾನತೆ ಸಾರುವ 14ನೇ ವಿಧಿ ಹಾಗೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ರಕ್ಷಿಸುವ 21ನೇ ವಿಧಿ, ಇವೆರಡರಲ್ಲೂ ಸಂವಿಧಾನ ಬಳಸಿರುವ ಪದ 'ವ್ಯಕ್ತಿ', 'ನಾಗರಿಕ' ಅಲ್ಲ. ಅಂದರೆ ಈ ನೆಲದಲ್ಲಿ ಕಾಲಿಟ್ಟ ಯಾರಿಗೇ ಆಗಲಿ ಈ ರಕ್ಷಣೆ ದೊರೆಯುತ್ತದೆ.

ಇದನ್ನು ಸರ್ವೋಚ್ಚ ನ್ಯಾಯಾಲಯ 2000ದ ಜನವರಿಯಲ್ಲಿ ನಿಸ್ಸಂದಿಗ್ಧವಾಗಿ ಸಾರಿತು. ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ 1998ರಲ್ಲಿ ಹೌರಾ ರೈಲು ನಿಲ್ದಾಣದ ಯಾತ್ರಿ ನಿವಾಸದಲ್ಲಿ ಸಾಮೂಹಿಕ ಅತ್ಯಾಚಾರ ನಡೆದಿತ್ತು. ಕೃತ್ಯ ಎಸಗಿದವರಲ್ಲಿ ರೈಲ್ವೆ ನೌಕರರೂ ಇದ್ದರು. ಆಕೆ ಭಾರತೀಯಳಲ್ಲ, ಆದ್ದರಿಂದ ಪರಿಹಾರಕ್ಕೆ ಅರ್ಹಳಲ್ಲ ಎಂಬ ವಾದವನ್ನು ತಳ್ಳಿಹಾಕಿದ ನ್ಯಾಯಾಲಯ, 10 ಲಕ್ಷ ರೂಪಾಯಿ ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು. ರೈಲ್ವೆ ಮಂಡಳಿ ಅಧ್ಯಕ್ಷರು ಮತ್ತು ಚಂದ್ರಿಮಾ ದಾಸ್ ನಡುವಿನ ಈ ಪ್ರಕರಣ ವಿದೇಶೀಯರ ಹಕ್ಕುಗಳ ವಿಚಾರದಲ್ಲಿ ಮೈಲುಗಲ್ಲಾಗಿದೆ.

ದೂರು ನಿರಾಕರಿಸಲು ಅವಕಾಶವಿಲ್ಲ

'ಇದು ನಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಉತ್ತರ ವಿದೇಶೀಯರನ್ನು ಅತಿಯಾಗಿ ಕಾಡುವಂಥದ್ದು. ಊರಿನ ಪರಿಚಯವೇ ಇಲ್ಲದವರಿಗೆ ಠಾಣೆಗಳ ಗಡಿ ತಿಳಿಯುವುದಾದರೂ ಹೇಗೆ? ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2013ರ ನವೆಂಬರ್‌ನಲ್ಲಿಯೇ ತೀರ್ಪು ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಇನ್ನೂ ಸ್ಪಷ್ಟವಾಗಿದೆ. ಅದರ ಮುಖ್ಯಾಂಶಗಳು ಹೀಗಿವೆ:

* ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಇದನ್ನೇ 'ಶೂನ್ಯ ಎಫ್‌ಐಆರ್' ಎನ್ನಲಾಗುತ್ತದೆ. ನಂತರ ಅದು ಸಂಬಂಧಿಸಿದ ಠಾಣೆಗೆ ವರ್ಗಾವಣೆಯಾಗುತ್ತದೆ.

* ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಮಾಹಿತಿ ನೀಡಬಹುದು. ಆದರೆ 3 ದಿನಗಳೊಳಗೆ ಅದಕ್ಕೆ ಸಹಿ ಹಾಕಬೇಕು.

* ಬಾಯಿಮಾತಿನಲ್ಲಿ ಹೇಳಿದ್ದನ್ನು ಠಾಣಾಧಿಕಾರಿ ಬರೆದುಕೊಂಡು ದೂರುದಾರರಿಗೆ ಓದಿ ಹೇಳಬೇಕು. ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು.

* ಠಾಣಾಧಿಕಾರಿ ನಿರಾಕರಿಸಿದರೆ ಲಿಖಿತವಾಗಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಸಲ್ಲಿಸಬಹುದು. ಅಲ್ಲಿಯೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು.

ಅತ್ಯಾಚಾರದಂಥ ಅಪರಾಧಗಳ ದೂರು ದಾಖಲಿಸದ ಸರ್ಕಾರಿ ನೌಕರನಿಗೆ ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಮಿನಡಿ 6 ತಿಂಗಳಿಗೆ ಕಡಿಮೆಯಿಲ್ಲದ, 2 ವರ್ಷಗಳವರೆಗಿನ ಕಠಿಣ ಸೆರೆವಾಸ ವಿಧಿಸಬಹುದು. ಅಂಥ ಸಂತ್ರಸ್ತರಿಗೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡೂ ತಕ್ಷಣ ಉಚಿತ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆ ನೀಡಬೇಕು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂಬ ನಿಯಮವೂ ಇದೆ. ಸಾಕ್ಷ್ಯವನ್ನು ಧ್ವನಿ ಮತ್ತು ದೃಶ್ಯ ಸಂಪರ್ಕದ ಮೂಲಕ ದಾಖಲಿಸಲು ಹೊಸ ಸಂಹಿತೆ ಅವಕಾಶ ಕಲ್ಪಿಸಿದೆ. ವೀಸಾ ಮುಗಿದು ತಾಯ್ನಾಡಿಗೆ ಮರಳಿದವರ ಪ್ರಕರಣಗಳು ಸಾಕ್ಷಿಯಿಲ್ಲದೆ ಬಿದ್ದುಹೋಗುವುದನ್ನು ಇದು ತಪ್ಪಿಸಬಲ್ಲದು.

ಕರೆ ಮಾಡಬೇಕಾದ ಸಂಖ್ಯೆಗಳು

ಪೊಲೀಸ್, ಅಗ್ನಿಶಾಮಕ ಮತ್ತು ಇತರ ತುರ್ತು ಸೇವೆಗಳಿಗೆ ದೇಶದಾದ್ಯಂತ ಒಂದೇ ಸಂಖ್ಯೆ 112. ಐರೋಪ್ಯ ರಾಷ್ಟ್ರಗಳು 1991ರಲ್ಲಿಯೇ ಇದೇ ಸಂಖ್ಯೆಯನ್ನು ಒಪ್ಪಿಕೊಂಡಿದ್ದರಿಂದ ಅಲ್ಲಿಂದ ಬಂದವರಿಗೆ ಇದು ಪರಿಚಿತ. ಭಾರತದಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನ್‌ಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ 3 ಬಾರಿ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ರೂಪಿಸಲಾಗಿದೆ. ಬೆಂಗಳೂರಿನಲ್ಲಿ ಕರೆಗೆ ಓಗೊಟ್ಟು ಬರುವುದು 'ಹೊಯ್ಸಳ' ಗಸ್ತು ವಾಹನ. ಆಂಬುಲೆನ್ಸ್‌ಗೆ 108, ಮಹಿಳಾ ಸಹಾಯವಾಣಿಗೆ 181, ಸೈಬರ್ ವಂಚನೆಗೆ 1930 ಸಂಖ್ಯೆಗಳಿವೆ.

ವಿದೇಶೀಯರಿಗೆಂದೇ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2016ರ ಫೆಬ್ರವರಿಯಲ್ಲಿ ಬಹುಭಾಷಾ ಸಹಾಯವಾಣಿ ಆರಂಭಿಸಿತು. ಶುಲ್ಕರಹಿತ 1800-11-1363 ಅಥವಾ ಕಿರುಸಂಖ್ಯೆ 1363ಕ್ಕೆ ಕರೆ ಮಾಡಿದರೆ ಹಿಂದಿ, ಇಂಗ್ಲಿಷ್ ಅಲ್ಲದೆ ಅರಬ್ಬಿ, ಫ್ರೆಂಚ್, ಜರ್ಮನ್, ಇಟಾಲಿಯನ್, ಜಪಾನೀ, ಕೊರಿಯನ್, ಚೀನೀ, ಪೋರ್ಚುಗೀಸ್, ರಷ್ಯನ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ನೆರವು ನೀಡುವುದು ಇದರ ಉದ್ದೇಶ. ಇದು ಮಾಹಿತಿ ಮತ್ತು ಮಾರ್ಗದರ್ಶನದ ಸೇವೆ. ಪ್ರಾಣಾಪಾಯವಿದ್ದಾಗ ಮೊದಲು ಕರೆ ಮಾಡಬೇಕಾದುದು 112ಕ್ಕೇ.

ಪಾಸ್‌ಪೋರ್ಟ್ ಕಳೆದುಕೊಂಡವರು ಪೊಲೀಸರನ್ನು ತಪ್ಪಿಸಿಕೊಳ್ಳುವಂತೆಯೇ ಇಲ್ಲ. ತುರ್ತು ಪ್ರಯಾಣಪತ್ರ ಪಡೆಯಲು ಹಾಗೂ ವಿದೇಶೀಯರ ನೋಂದಣಿ ಕಚೇರಿಯಿಂದ ನಿರ್ಗಮನ ಅನುಮತಿ ಪಡೆಯಲು ಪೊಲೀಸ್ ದಾಖಲೆ ಬೇಕೇಬೇಕು. ವಸ್ತು ಕಳೆದುಹೋದ ಬಗ್ಗೆ ವರದಿ ಪಡೆಯಲು ರಾಜ್ಯ ಪೊಲೀಸರ 'ಇ-ಲಾಸ್ಟ್' ಸೌಲಭ್ಯವಿದೆ. ಕಳವಾಗಿದ್ದರೆ ಮಾತ್ರ ಠಾಣೆಯಲ್ಲಿ ದೂರು ನೀಡಬೇಕು.

ರಾಯಭಾರ ಕಚೇರಿ ಏನು ಮಾಡಬಲ್ಲದು?

1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಬಂಧಿತ ವಿದೇಶೀಯನಿಗೆ ತನ್ನ ದೇಶದ ಕಾನ್ಸುಲೇಟ್ ಜೊತೆ ಸಂಪರ್ಕ ಹೊಂದುವ ಹಕ್ಕಿದೆ, ಆ ಹಕ್ಕನ್ನು ಆತನಿಗೆ ಕೂಡಲೇ ತಿಳಿಸುವುದು ಪೊಲೀಸರ ಕರ್ತವ್ಯ. ಆದರೆ ಅನೇಕರು ಗಮನಿಸದ ಸೂಕ್ಷ್ಮವೊಂದಿದೆ. ಈ ವಿಧಿ ಹೇಳುವುದು ಬಂಧಿತರ ಬಗ್ಗೆ. ಹಲ್ಲೆಗೋ ಸುಲಿಗೆಗೋ ಒಳಗಾದ ಸಂತ್ರಸ್ತನ ವಿಷಯವನ್ನು ಪೊಲೀಸರು ತಾವಾಗಿಯೇ ಕಾನ್ಸುಲೇಟ್‌ಗೆ ತಿಳಿಸುತ್ತಾರೆಂದು ಭಾವಿಸುವಂತಿಲ್ಲ. ಆತನೇ ಸಂಪರ್ಕಿಸಬೇಕು.

ಕಾನ್ಸುಲೇಟ್ ವಕೀಲರ ಪಟ್ಟಿ ಕೊಡಬಹುದು, ಕುಟುಂಬಕ್ಕೆ ಸುದ್ದಿ ಮುಟ್ಟಿಸಬಹುದು, ತುರ್ತು ಪ್ರಯಾಣಪತ್ರ ನೀಡಬಹುದು. ತನಿಖೆ ನಡೆಸುವ ಅಧಿಕಾರ ಅದಕ್ಕಿಲ್ಲ. ಬೆಂಗಳೂರಿನಲ್ಲಿ ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಮುಂತಾದ ದೇಶಗಳ ಕಾನ್ಸುಲೇಟ್‌ಗಳೂ ಬ್ರಿಟನ್ನಿನ ಉಪ ಹೈಕಮಿಷನ್ ಕೂಡ ಇವೆ. ಆಫ್ರಿಕಾದ ಬಹುತೇಕ ದೇಶಗಳ ರಾಯಭಾರ ಕಚೇರಿಗಳಿರುವುದು ದೆಹಲಿಯಲ್ಲಿ. ಹೆಚ್ಚು ನೆರವು ಬೇಕಾದವರಿಗೇ ನೆರವು ಹೆಚ್ಚು ದೂರ ಎಂಬುದು ವಿಪರ್ಯಾಸ.

ಹೊರದೇಶದಲ್ಲಿ ನಮ್ಮವರ ಪಾಡು

ಈ ಅಳುಕು ಒಂದೇ ದಿಕ್ಕಿನದ್ದಲ್ಲ. ಓದು, ಉದ್ಯೋಗಕ್ಕೆಂದು ಹೊರದೇಶಗಳಿಗೆ ಹೋಗುವ ಕನ್ನಡಿಗರೂ ಸೇರಿದಂತೆ ಭಾರತೀಯರು ಅಲ್ಲಿ ಇದೇ ಸ್ಥಿತಿಯಲ್ಲಿರುತ್ತಾರೆ. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲುಸಾಲಾಗಿ ದಾಳಿಗಳು ನಡೆದಾಗ, ಪೊಲೀಸರು ಜನಾಂಗೀಯ ದ್ವೇಷದ ಅಂಶವನ್ನು ಲಘುವಾಗಿ ಪರಿಗಣಿಸುತ್ತಿದ್ದಾರೆಂದು ಆಕ್ಷೇಪಿಸಿ ಮೆಲ್ಬರ್ನ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು.

2015ರ ಫೆಬ್ರವರಿಯಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮ್ಯಾಡಿಸನ್ ನಗರದಲ್ಲಿ, ಮಗನ ಮನೆಗೆ ಬಂದಿದ್ದ ಗುಜರಾತಿನ ವೃದ್ಧರೊಬ್ಬರು ಬೀದಿಯಲ್ಲಿ ಅಡ್ಡಾಡುತ್ತಿದ್ದಾಗ ಯಾರೋ ಅನುಮಾನಪಟ್ಟು ಪೊಲೀಸರಿಗೆ ಕರೆ ಮಾಡಿದರು. ಇಂಗ್ಲಿಷ್ ಬಾರದೆಂದು ಹೇಳಲು ಯತ್ನಿಸಿದ ಅವರನ್ನು ಪೊಲೀಸನೊಬ್ಬ ನೆಲಕ್ಕೆ ಕೆಡವಿದ್ದರಿಂದ ಅವರು ಭಾಗಶಃ ಪಾರ್ಶ್ವವಾಯುವಿಗೆ ತುತ್ತಾದರು. 2017ರ ಜುಲೈನಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಆಸ್ಟ್ರೇಲಿಯಾ ಮೂಲದ ಮಹಿಳೆಯೊಬ್ಬರು ಮನೆಯ ಹಿಂದೆ ಯಾರೋ ಆಪತ್ತಿನಲ್ಲಿರುವಂತಿದೆಯೆಂದು 911ಕ್ಕೆ ಕರೆ ಮಾಡಿದರು. ಕರೆಗೆ ಬಂದ ಪೊಲೀಸನೇ ಅವರನ್ನು ಗುಂಡಿಟ್ಟು ಕೊಂದ. ನಗರಾಡಳಿತ 2 ಕೋಟಿ ಡಾಲರ್ ಪರಿಹಾರ ನೀಡಲು ಒಪ್ಪಿತು, ಪೊಲೀಸನಿಗೆ ಸೆರೆವಾಸವಾಯಿತು. ಶ್ರೀಮಂತ ದೇಶದ ಪೊಲೀಸರಾದ ಮಾತ್ರಕ್ಕೆ ಅಪನಂಬಿಕೆ ಇಲ್ಲವಾಗುವುದಿಲ್ಲ ಎಂಬುದಕ್ಕೆ ಇವು ನಿದರ್ಶನಗಳು.

ಬೇರೆಡೆ ಕಂಡುಕೊಂಡ ದಾರಿಗಳು

ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡ ಥಾಯ್ಲೆಂಡ್ ಪ್ರತ್ಯೇಕ ಪ್ರವಾಸಿ ಪೊಲೀಸ್ ಪಡೆಯನ್ನು ಹೊಂದಿದೆ. ಅದರ ಸಂಖ್ಯೆ 1155. ಭಾರತದಲ್ಲಿ ಕೇರಳ, ಗೋವಾ ಮುಂತಾದ ರಾಜ್ಯಗಳು ಪ್ರವಾಸಿ ಪೊಲೀಸ್ ವ್ಯವಸ್ಥೆ ರೂಪಿಸಿವೆ. ಕರ್ನಾಟಕ ತನ್ನ ಪ್ರವಾಸಿ ತಾಣಗಳಲ್ಲಿ ತರಬೇತಿ ಪಡೆದ ಗೃಹರಕ್ಷಕರನ್ನು 'ಪ್ರವಾಸಿ ಮಿತ್ರ'ರನ್ನಾಗಿ ನೇಮಿಸಿದೆ. ಇವರು ದಾರಿ ತೋರಬಲ್ಲರು, ಠಾಣೆಗೆ ಸುದ್ದಿ ಮುಟ್ಟಿಸಬಲ್ಲರು. ದೂರು ದಾಖಲಿಸುವ ಅಥವಾ ತನಿಖೆ ಮಾಡುವ ಅಧಿಕಾರ ಇವರದ್ದಲ್ಲ.

ವೀಸಾ ಭಯಕ್ಕೂ ಮದ್ದಿಲ್ಲದಿಲ್ಲ. ಗಂಭೀರ ಅಪರಾಧಕ್ಕೆ ಬಲಿಯಾಗಿ ತನಿಖೆಗೆ ಸಹಕರಿಸುವ ವಿದೇಶೀಯರಿಗೆಂದೇ ಅಮೆರಿಕದ ಸಂಸತ್ತು 2000ದಲ್ಲಿ 'ಯು ವೀಸಾ' ಎಂಬ ಪ್ರತ್ಯೇಕ ವರ್ಗವನ್ನು ರೂಪಿಸಿತು. ವರ್ಷಕ್ಕೆ 10,000 ಮಂದಿಗೆ ಮಾತ್ರ ಎಂಬ ಮಿತಿಯಿಂದಾಗಿ ಅರ್ಜಿಗಳು ರಾಶಿ ಬಿದ್ದಿರುವುದು ಅದರ ದೋಷ. ಆದರೆ ದಾಖಲೆಯ ಲೋಪ ಬೇರೆ, ಮೈಮೇಲಾದ ಗಾಯ ಬೇರೆ ಎಂಬ ತತ್ವವನ್ನು ಅದು ಒಪ್ಪಿಕೊಂಡಿದೆ.

ಸ್ಥಳೀಯರ ಪಾತ್ರ

ವಿದೇಶೀಯ ಮೊದಲು ನೆನೆಯುವುದು ಪೊಲೀಸರನ್ನಲ್ಲ, ಮನೆ ಮಾಲೀಕನನ್ನು, ಕಾಲೇಜಿನ ಕಚೇರಿಯನ್ನು, ಹೋಂ ಸ್ಟೇ ನಡೆಸುವವರನ್ನು. ಆದ್ದರಿಂದ ಅವರ ಹೊಣೆಯೂ ದೊಡ್ಡದು.

ಬಹುಕಾಲದಿಂದ 'ಸಿ ಫಾರ್ಮ್' ಎಂದೇ ಹೆಸರಾದ ವಿದೇಶೀಯರ ವಸತಿ ಮಾಹಿತಿಯನ್ನು 24 ಗಂಟೆಯೊಳಗೆ ಸಲ್ಲಿಸಿದರೆ, ಮುಂದೆ ಬಾಡಿಗೆದಾರ ಠಾಣೆಗೆ ಹೋಗಬೇಕಾಗಿ ಬಂದಾಗ ಎದುರಾಗುವ ಅನುಮಾನದ ಅರ್ಧಭಾಗ ನಿವಾರಣೆಯಾಗುತ್ತದೆ. ದೂರು ನೀಡಲು ಹೋಗುವಾಗ ಕನ್ನಡ ಬಲ್ಲ ಒಬ್ಬರು ಜೊತೆಗಿದ್ದರೆ ಉತ್ತಮ. ದೂರುದಾರರು ತಮಗೆ ಬರುವ ಭಾಷೆಯಲ್ಲಿ ಅಥವಾ ಇಂಗ್ಲಿಷಿನಲ್ಲಿ ತಾವೇ ದೂರನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯುವುದು ಲೇಸು. ಪಾಸ್‌ಪೋರ್ಟ್ ಹಾಗೂ ವೀಸಾದ ನಕಲು ಪ್ರತಿಗಳನ್ನು ಮೂಲ ದಾಖಲೆಗಳಿಂದ ಬೇರೆಯಾಗಿ ಇಟ್ಟುಕೊಳ್ಳಬೇಕು. ಮಹಿಳೆಯರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ಕಾನೂನು ನೆರವು ಲಭ್ಯ. ಪೊಲೀಸರ ನಡವಳಿಕೆಯ ವಿರುದ್ಧವೇ ದೂರಿದ್ದರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಮತ್ತು ರಾಜ್ಯ ಮಾನವ ಹಕ್ಕುಗಳ ಆಯೋಗವನ್ನು ಸಂಪರ್ಕಿಸಬಹುದು.

ಕಾನೂನಿನಲ್ಲಿ ಕೊರತೆ ಹೆಚ್ಚಿಲ್ಲ. ಕೊರತೆ ಇರುವುದು ರಾತ್ರಿ ಪಾಳಿಯ ಠಾಣೆಯ ಮೇಜಿನ ಬಳಿ. ಗಾಬರಿಯಿಂದ ಬಂದ ಅಪರಿಚಿತನಿಗೆ ಅಲ್ಲಿ ಕುರ್ಚಿ, ನೀರು ಮತ್ತು 'ಏನಾಯಿತು' ಎಂಬ ಪ್ರಶ್ನೆ ಮೊದಲು ಸಿಗಬೇಕು, ಪಾಸ್‌ಪೋರ್ಟಿನ ವಿಚಾರಣೆ ಅನಂತರ ಬರಬೇಕು. 2016ರ ಆ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಇಲ್ಲವಾದದ್ದು ಈ ಅನುಕ್ರಮವೇ. ಅದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಕಾಗಿಲ್ಲ.